ನೆಲ್ಲಿಬೇಣದಲ್ಲಿ ನಾಲ್ಕು ದಿನ

ಬಂಗಾರಿಯ ಪಾಲಿಗೆ ಗುಡ್ಡವೆಂದರೆ ಸಂಜೆಯ ಒಂದು ಬಣ್ಣ, ಅಷ್ಟೇ. ಶಿರಾಲಿಯ ಹೆದ್ದಾರಿಯಿಂದ ನೂರು ಹೆಜ್ಜೆ ಒಳಗೆ, ಗದ್ದೆಯಂಚಿನ ಮನೆಯ ಜಗಲಿಯಲ್ಲಿ ಕೂತು ಅವಳು ಮಲ್ಲಿಗೆ ಕಟ್ಟುವಾಗ ಎದುರಿಗೆ ಪೂರ್ವದ ಗುಡ್ಡಸಾಲು ಕಾಣುತ್ತಿತ್ತು. ಬೆಳಿಗ್ಗೆ ಅದು ಇರುವುದೇ ಇಲ್ಲ, ಮಂಜು ನುಂಗಿಬಿಟ್ಟಿರುತ್ತದೆ. ಮಧ್ಯಾಹ್ನ ಬಿಸಿಲಿಗೆ ಬೆದರಿ ಹಿಂದೆ ಸರಿದು ನಿಂತಂತೆ ಇರುತ್ತದೆ. ಐದೂವರೆಯ ಹೊತ್ತಿಗೆ ಮಾತ್ರ ಯಾರೋ ಕರೆದವರಂತೆ ಹತ್ತಿರ ಬಂದು, ನೇರಳೆ ಹಣ್ಣಿನ ಬಣ್ಣ ಹಚ್ಚಿಕೊಂಡು ನಿಲ್ಲುತ್ತದೆ. ಆಗ ಬಂಗಾರಿ ಬಾಳೆನಾರಿನ ಗಂಟನ್ನು ಬೆರಳಲ್ಲೇ ಹಿಡಿದು ಅರೆಗಳಿಗೆ ನೋಡುತ್ತಿದ್ದಳು. ಮತ್ತೆ ಕೈ ಓಡಿಸುತ್ತಿದ್ದಳು. ಇಪ್ಪತ್ತಾರು ವರ್ಷ ಹೀಗೆಯೇ ನಡೆದಿತ್ತು. ಅಲ್ಲಿಗೆ ಹೋಗಬಹುದು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಹೊಳೆಯಿಸಿದವನು ಅವಳ ಗಂಡ ತಿಮ್ಮ. ಭಟ್ಕಳ–ಹೊನ್ನಾವರ ನಡುವೆ ಹದಿನೈದು ವರ್ಷ ಸ್ವಂತ ಟೆಂಪೋ ಓಡಿಸಿದವನು. ನವೆಂಬರಿನ ಒಂದು ಸಂಜೆ ಕೈಕಾಲು ತೊಳೆದು ಬಂದು, ಮಗಳು ಧನ್ಯಾ ಕೊಟ್ಟ ಚಹಾ ಕುಡಿಯುತ್ತ, ಯಾರದೋ ಮನೆಯ ಸುದ್ದಿ ಹೇಳುವವನ ಹಾಗೆ ಹೇಳಿದ:

"ಈ ತಿಂಗಳಿಗೆ ಪರ್ಮಿಟ್ಟು ಮುಗೀತದೆ. ಗಾಡಿಗೆ ವಯಸ್ಸಾಯ್ತಂತೆ. ಡಿಸೆಂಬರ ಕೊನೆಗೆ ಗುಜರಿಯವ ಬಂದು ತಕಂಡು ಹೋಗ್ತ. ನಾನು ಹೊಸ ವರ್ಷಕ್ಕೆ ಶಾಲೆ ವ್ಯಾನಿಗೆ ಹೋಗೂದು, ಮಾತಾಡಿ ಆತು."

ಆ ಟೆಂಪೋ ಬಂದ ದಿನ ಅದರ ಗಾಜಿಗೆ ಹಾರ ಕಟ್ಟಿದವಳು ಬಂಗಾರಿಯೇ. "ನಡುವೆ ಒಂದು ತಿಂಗಳು ಎಂತ ಮಾಡ್ತ್ರಿ?" ಎಂದಳು.

ತಿಮ್ಮ ಚಹಾದ ಲೋಟವನ್ನು ಕೈಯಲ್ಲಿ ತಿರುಗಿಸಿದ. ಮೊದಲ ಸಲ ಹೆಣ್ಣು ನೋಡಲು ಬಂದಾಗಲೂ ಹೀಗೆಯೇ ಲೋಟ ತಿರುಗಿಸಿದ್ದ. "ಸೀಟು ಬಿಚ್ಚಿ ಹಾಕಿ, ಒಳಗೆ ಮಂಚ ಇಟ್ಟು, ಎಲ್ಲಿಗಾದ್ರೂ ಹೋಗುವ ಅಂತ. ಅದರಲ್ಲೇ ಮಲಗೂದು, ಅದರಲ್ಲೇ ಅಡಿಗೆ. ಹದಿನೈದು ವರ್ಷ ಊರವರನ್ನ ಕೂರಿಸ್ಕಂಡು ತಿರುಗಿದೆ. ನಿನ್ನ ಎಲ್ಲೂ ಕರ್ಕಂಡು ಹೋಗ್ಲಿಲ್ಲ."

"ಕ್ಯಾರವಾನ್!" ಎಂದು ಧನ್ಯಾ ಚಪ್ಪಾಳೆ ಹೊಡೆದಳು. ಕುಮಟೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅವಳಿಗೆ ಲೋಕದ ಎಲ್ಲ ಹೆಸರುಗಳೂ ಗೊತ್ತು. ಆಗಲೇ ಮೊಬೈಲು ಹಿಡಿದು, ಯಾವುದೋ ದೇಶದಲ್ಲಿ ಗಂಡಹೆಂಡಿರಿಬ್ಬರು ಗಾಡಿಯ ಬಾಗಿಲು ತೆರೆದಿಟ್ಟುಕೊಂಡು ಕಾಫಿ ಕುಡಿಯುವುದನ್ನು ತೋರಿಸಿದಳು. ಅವರ ಹಿಂದೆ ಮರವಿಲ್ಲದ ಹಸಿರು ಗುಡ್ಡ, ಗುಡ್ಡದ ಕೆಳಗೆ ಬೂದು ಬಣ್ಣದ ಕಡಲು. ಇಬ್ಬರೂ ಏನೂ ಮಾಡುತ್ತಿರಲಿಲ್ಲ. ಬಂಗಾರಿ ಆ ಹೆಂಗಸಿನ ಕೈಗಳನ್ನೇ ನೋಡಿದಳು. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು, ಒಣಗಲು ಹಾಕಿದ ಬಟ್ಟೆಯ ಹಾಗೆ.

ಎಲ್ಲಿಗೆ ಹೋಗುವುದು ಎಂಬುದನ್ನು ತೀರ್ಮಾನಿಸಿದವರು ನಾಗಪತಿ ಹೆಗಡೆಯವರು. ಹೊನ್ನಾವರದ ಕಾಲೇಜಿನ ಆಫೀಸಿನಲ್ಲಿ ಕೆಲಸ. ಸೋಮವಾರ ಘಟ್ಟದ ಊರಿಂದ ಇಳಿದು ಬಂದು ಶನಿವಾರ ಹತ್ತಿ ಹೋಗುವವರು. ತಿಮ್ಮನ ಬೆನ್ನ ಹಿಂದಿನ ಸೀಟು ಅವರದೇ. ಸುದ್ದಿ ಕೇಳಿದ ಶನಿವಾರ ಅವರು ಶಿರಾಲಿಯಲ್ಲಿ ಇಳಿದು ನೇರ ಜಗಲಿಗೇ ಬಂದರು.

"ತಿಮ್ಮ, ಗೋವೆ ಗೀವೆ ಎಲ್ಲ ಬೇಡ. ನೆಲ್ಲಿಬೇಣಕ್ಕೆ ಹೋಗಿ. ನಮ್ಮದೇ ಬೇಣ. ಗುಡ್ಡದ ನೆತ್ತಿ, ಬರೀ ಹುಲ್ಲು. ಒಂದು ನೆಲ್ಲಿ ಮರ, ಒಂದು ನೀರಿನ ಒರತೆ. ಕೂತರೆ ಮುರ್ಡೇಶ್ವರದಿಂದ ನೇತ್ರಾಣಿವರೆಗೆ ಸಮುದ್ರ ಕಾಣ್ತದೆ. ನಾನು ಸಣ್ಣಿರುವಾಗ ದನ ಕಾಯಲಿಕ್ಕೆ ಹೋಗಿ ಅಲ್ಲೇ ನಿದ್ದೆ ಮಾಡಿಬಿಡ್ತಿದ್ದೆ."

"ಎಲ್ಲಿ ಬರ್ತದೆ ಅದು?" ಎಂದು ಬಂಗಾರಿ ಕೇಳಿದಳು.

ಹೆಗಡೆಯವರು ಕೈ ಚಾಚಿ, ಗದ್ದೆಯಾಚೆ ನೇರಳೆ ಬಣ್ಣಕ್ಕೆ ತಿರುಗುತ್ತಿದ್ದ ಸಾಲಿನಲ್ಲಿ ಒಂದು ಬೋಳು ತಲೆಯನ್ನು ತೋರಿಸಿದರು. "ಅದೇ. ದಿನಾ ಕಾಣ್ತದಲ್ಲ ನಿಮಗೆ." ಅಷ್ಟರಲ್ಲಿ ಅವರ ಮೊಬೈಲು ಹಾಡಿತು. "ಹಾಂ, ಬತ್ತೆ, ಬತ್ತೆ. ಶಿರಾಲಿಲಿ ಇದ್ದಿ. ತಡ ಇಲ್ಲೆ," ಎಂದು ಮನೆಯವರಿಗೆ ಹೇಳುತ್ತ ಎದ್ದು ಹೊರಟರು.

ಅವರು ಹೋದಮೇಲೂ ಬಂಗಾರಿ ಆ ಬೋಳು ತಲೆಯನ್ನು ನೋಡುತ್ತಲೇ ಇದ್ದಳು. ಇಷ್ಟು ವರ್ಷ ನೋಡಿದ್ದು ಯಾರದೋ ದನ ಮೇಯುವ, ಯಾರೋ ನಿದ್ದೆ ಮಾಡಿದ್ದ ಜಾಗವನ್ನು ಎಂದು ತಿಳಿದು ಅವಳಿಗೆ ವಿಚಿತ್ರವಾಯಿತು. ಮರುದಿನದಿಂದ ಮಾಲೆ ಕಟ್ಟುವಾಗ ಬೆರಳುಗಳು ಇಲ್ಲಿ, ಅವಳು ಅಲ್ಲಿ. ಒರತೆ ಯಾವ ಕಡೆಗಿರಬಹುದು? ನೆಲ್ಲಿ ಮರದ ನೆರಳು ಎಷ್ಟು ದೂರ ಬೀಳಬಹುದು? ಅಲ್ಲಿಂದ ತನ್ನ ಮನೆ ಕಂಡರೆ ಜಗಲಿಯ ಮೇಲೆ ತಾನೇ ಕೂತಿರುವುದು ಕಾಣಬಹುದೆ? ಈ ಕೊನೆಯ ಯೋಚನೆಗೆ ಅವಳು ಒಬ್ಬಳೇ ನಕ್ಕಳು. ಹೂ ಒಯ್ಯಲು ಬಂದವನು "ಎಂತಕ್ಕ, ಇವತ್ತು ಮೊಳ ಉದ್ದ ಬಂತು" ಎಂದು ಅಚ್ಚರಿಪಟ್ಟ.

ಪರ್ಮಿಟ್ಟು ಮುಗಿದ ಮರುದಿನವೇ ಕೆಲಸ ಶುರುವಾಯಿತು. ತಿಮ್ಮ ಅಂಗಳದಲ್ಲಿ ಟೆಂಪೋ ನಿಲ್ಲಿಸಿ ಸೀಟುಗಳನ್ನು ಒಂದೊಂದೇ ಬಿಚ್ಚಿ ತೆಗೆದ. ತುಕ್ಕು ಹಿಡಿದ ಬೋಲ್ಟು ಬಿಡಿಸುವಾಗ ಹಲ್ಲು ಕೀಳಿಸಿಕೊಳ್ಳುವವನಂತೆ ಮುಖ ಹಿಂಡುತ್ತಿದ್ದ. ಸೀಟಿನ ಸಂದಿಗಳಿಂದ ಹದಿನೈದು ವರ್ಷದ ಪ್ರಯಾಣಿಕರು ಹೊರಬಂದರು: ಕೂದಲ ಕ್ಲಿಪ್ಪು, ಪೆನ್ನಿನ ಮುಚ್ಚಳ, ಮಗುವಿನ ಒಂದೇ ಒಂದು ಕಾಲುಚೀಲ, ಕುಮಟೆಯ ಒಬ್ಬ ಡಾಕ್ಟರ ಚೀಟಿ, ಲೆಕ್ಕವಿಲ್ಲದಷ್ಟು ಕಡ್ಲೆ ಸಿಪ್ಪೆ. ಧನ್ಯಾ ಎಲ್ಲವನ್ನೂ ಗುಡಿಸಿ ರಾಶಿ ಮಾಡಿದಾಗ ತಿಮ್ಮ ಸ್ವಲ್ಪ ಹೊತ್ತು ಆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

ಹೊನ್ನಾವರದ ವೆಲ್ಡರ್ ನರೇಶ ಬಂದು ಮಂಚಕ್ಕೆ ಕಬ್ಬಿಣದ ಚೌಕಟ್ಟು ಬೆಸೆದುಕೊಟ್ಟ. ಕೆಳಗೆ ಸಾಮಾನು ಇಡಲು ಜಾಗ, ಬಾಗಿಲ ಪಕ್ಕ ಸಣ್ಣ ಗ್ಯಾಸು, ಅದರ ಕೆಳಗೆ ನೀರಿನ ನೀಲಿ ಡ್ರಮ್ಮು. ಬಂಗಾರಿ ತನ್ನ ಹಳೆಯ ಎರಡು ಸೀರೆ ಕತ್ತರಿಸಿ ಕಿಟಕಿಗೆ ಪರದೆ ಹೊಲಿದಳು. ಒಂದು ಪಾಚಿ ಬಣ್ಣದ್ದು, ಇನ್ನೊಂದು ಅರಿಶಿನ. ಬಿಸಿಲು ಅವುಗಳ ಮೂಲಕ ಒಳಗೆ ಬಂದಾಗ ಟೆಂಪೋದ ಒಳಗೆ ಕೆರೆಯ ತಳದಲ್ಲಿ ಕೂತಂತೆ ಆಗುತ್ತಿತ್ತು. ಅವಳು ಮಧ್ಯಾಹ್ನ ಊಟವಾದಮೇಲೆ ಹೋಗಿ ಆ ಮಂಚದ ಮೇಲೆ ಕಾಲು ಚಾಚಿ ಮಲಗುವುದನ್ನು ಅಭ್ಯಾಸ ಮಾಡಿಕೊಂಡಳು. ಗಾಡಿ ಅಂಗಳದಲ್ಲೇ ನಿಂತಿದ್ದರೂ ಕಣ್ಣು ಮುಚ್ಚಿದರೆ ಮೆಲ್ಲನೆ ಹತ್ತುತ್ತಿರುವಂತೆ, ತಿರುವಿನಲ್ಲಿ ತಲೆ ಒಂದು ಬದಿಗೆ ವಾಲಿದಂತೆ ಅನಿಸುತ್ತಿತ್ತು.

"ಫ್ರಿಜ್ ಬೇಕಿತ್ತು," ಎಂದಳು ಧನ್ಯಾ.

"ಚಳಿಗಾಲದಾಗೆ ಗುಡ್ಡದ ಮೇಲೆ ಎಂತಕೆ ಫ್ರಿಜ್ಜು?" ಎಂದ ತಿಮ್ಮ.

"ಅದೆಲ್ಲ ಇರ್ಲಿ. ಬೆಳಗಾಗೆದ್ದು ಹೋಗೂಕೆ ಎಲ್ಲಿ?" ಎಂದು ಬಂಗಾರಿ ಕೇಳಿದಳು. ಆ ಪ್ರಶ್ನೆಗೆ ಮೊಬೈಲಿನ ಗಂಡಹೆಂಡಿರು ಉತ್ತರ ಕೊಟ್ಟಿರಲಿಲ್ಲ. ಕೊನೆಗೆ ತಿಮ್ಮ ಒಂದು ಗುದ್ದಲಿ, ನಾಲ್ಕು ಗೂಟ, ಒಂದು ತಾಡಪಾಲು ತಂದು ಮಂಚದ ಕೆಳಗೆ ಸೇರಿಸಿದ.

ದಾರಿ ನೋಡಿ ಬರಲೆಂದು ಅವನು ಒಂದು ದಿನ ಮೊದಲೇ ಬೈಕಿನಲ್ಲಿ ಹೋಗಿ ಬಂದ. ಭಟ್ಕಳದಿಂದ ಘಟ್ಟ ಹತ್ತುವ ಡಾಂಬರು ರಸ್ತೆ ಅರ್ಧಕ್ಕೆ ಬಂದಾಗ ಎಡಕ್ಕೊಂದು ಮಣ್ಣಿನ ದಾರಿ. ಅದರಲ್ಲಿ ಏಳು ಕಿಲೋಮೀಟರು. ಮೇಲೆ ಒಂಬತ್ತು ಮನೆಯ ಒಂದು ಮಜರೆ. ಅದನ್ನು ದಾಟಿದರೆ ಬೇಣ. "ಹತ್ತತದೆ," ಎಂದ. "ಮೂರು ತಿರುವು ಕಷ್ಟ. ಆದ್ರೆ ಹತ್ತತದೆ." ಅವನ ಕಣ್ಣುಗಳಲ್ಲಿ ಆಗಲೇ ಆ ಮೂರು ತಿರುವುಗಳು ಕಾಣುತ್ತಿದ್ದವು.

ಹೊರಡುವ ದಿನ ಧನ್ಯಾಗೆ ರಜೆ ಸಿಗಲಿಲ್ಲ. ಅದು ಒಳ್ಳೆಯದೇ ಆಯಿತು ಎಂದು ಬಂಗಾರಿಗೆ ಒಳಗೊಳಗೆ ಅನಿಸಿ, ಹಾಗನಿಸಿದ್ದಕ್ಕೆ ನಾಚಿಕೆಯೂ ಆಯಿತು. ಚಳಿಗೆ ಮೊಗ್ಗು ಕಡಿಮೆ, ಇದ್ದಷ್ಟನ್ನು ಪಕ್ಕದ ಮನೆಯವರು ಕಟ್ಟುತ್ತೇವೆ ಎಂದಿದ್ದರು. ಬಂಗಾರಿ ಬೀಗ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡಿ, ಟೆಂಪೋ ಹತ್ತಿದಳು.

ಮಣ್ಣಿನ ದಾರಿ ಶುರುವಾಯಿತು. ಬಿದಿರು ಎರಡೂ ಕಡೆಯಿಂದ ಬಾಗಿ ಟಾಪು ಸವರುತ್ತಿತ್ತು. ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಹಿಂದಿನ ಚಕ್ರ ಜಾರಿತು. ಬಂಗಾರಿ ಇಳಿದು ಕಲ್ಲು ಕೊಟ್ಟಳು, ತಿಮ್ಮ ಸ್ಟೇರಿಂಗಿಗೆ ಹಣೆ ತಾಗುವಷ್ಟು ಬಗ್ಗಿ ಗಾಡಿಯ ಜೊತೆ ಏನೋ ಮಾತಾಡುತ್ತಿದ್ದ. ಮೂರನೆಯ ತಿರುವಿನ ಆಚೆ ಮರಗಳೆಲ್ಲ ಒಮ್ಮೆಲೇ ಹಿಂದುಳಿದವು. ಮಜರೆಯ ನಾಯಿಗಳು ಸ್ವಲ್ಪ ದೂರ ಬೊಗಳಿಕೊಂಡು ಬಂದು ನಿಂತುಬಿಟ್ಟವು. ಆಮೇಲೆ ಹುಲ್ಲು. ಬೆಳೆದು ಬಾಗಿ ಬಂಗಾರವಾದ ಹುಲ್ಲು, ಗಾಳಿಗೆ ಒಂದೇ ಕಡೆ ತಲೆ ಬಾಚಿಕೊಂಡಿತ್ತು.

ತಿಮ್ಮ ಇಂಜಿನು ನಿಲ್ಲಿಸಿದ. ಬಂಗಾರಿ ಇಳಿದು ಅಂಚಿನವರೆಗೆ ನಡೆದಳು.

ಕಡಲಿನಿಂದ ಎರಡು ಮೈಲಿ ದೂರದಲ್ಲಿ ಹುಟ್ಟಿ ಬೆಳೆದವಳು, ಕಡಲನ್ನು ಅವಳು ದಿನವೂ ನೋಡಿಲ್ಲದಿದ್ದರೂ ವಾರಕ್ಕೊಮ್ಮೆಯಾದರೂ ನೋಡಿದ್ದಳು. ಆದರೆ ಅದು ಯಾವಾಗಲೂ ಕಾಲ ಬುಡದಲ್ಲಿ ಮಲಗಿರುತ್ತಿತ್ತು. ಇಲ್ಲಿ ಅದು ಎದ್ದು ನಿಂತಿತ್ತು. ಗದ್ದೆ, ತೆಂಗು, ಹೆದ್ದಾರಿಯ ಬಿಳಿ ನೂಲು, ಅದರಾಚೆ ನೀಲಿಯ ಒಂದು ಗೋಡೆ ಆಕಾಶದ ಅರ್ಧಕ್ಕೆ ಏರಿತ್ತು. ಆ ಗೋಡೆಯ ನಡುವೆ ಯಾರೋ ಮರೆತು ಬಿಟ್ಟಂತೆ ನೇತ್ರಾಣಿ. ಮುರ್ಡೇಶ್ವರದ ಗೋಪುರ ಊದಿನಕಡ್ಡಿಯಷ್ಟು. ಶಿರಾಲಿ ಎಲ್ಲಿ, ತನ್ನ ಮನೆ ಎಲ್ಲಿ ಎಂದು ಹುಡುಕಿದಳು. ತೆಂಗಿನ ಹಸಿರಿನಲ್ಲಿ ಎಲ್ಲವೂ ಕರಗಿಹೋಗಿತ್ತು.

"ಹೆಂಗದೆ?" ಎಂದ ತಿಮ್ಮ ಹಿಂದಿನಿಂದ.

ಅವಳು ತಲೆಯಾಡಿಸಿದಳು. ಬಾಯಿ ತೆರೆದರೆ ಗಾಳಿ ಒಳಗೆ ಹೋಗುತ್ತಿತ್ತು.

ಆ ದಿನ ಗೂಟ ಹುಗಿಯುವುದರಲ್ಲಿ, ಒರತೆ ಹುಡುಕುವುದರಲ್ಲಿ, ಗಂಜಿ ಬೇಯಿಸುವುದರಲ್ಲಿ ಕಳೆಯಿತು. ಕತ್ತಲಾದ ಕೂಡಲೇ ಕಂಬಳಿ ಹೊದ್ದು ಮಲಗಿಬಿಟ್ಟರು. ಗಾಳಿ ಟೆಂಪೋವನ್ನು ತೊಟ್ಟಿಲಂತೆ ಮೆಲ್ಲಗೆ ಅಲುಗಿಸುತ್ತಿತ್ತು.

ಬಂಗಾರಿಗೆ ಎಚ್ಚರವಾದಾಗ ಬೆಳಕು ಆಗಲೇ ಪರದೆಯ ಅರಿಶಿನದಲ್ಲಿ ಅದ್ದಿಕೊಂಡಿತ್ತು. ಎಷ್ಟೋ ವರ್ಷದ ಮೇಲೆ ಬೆಳಕು ತನಗಿಂತ ಮೊದಲು ಎದ್ದಿದೆ ಎಂದುಕೊಂಡಳು. ಹೊರಗೆ ಬಂದರೆ ಕೆಳಗಿನ ಲೋಕವೆಲ್ಲ ಮಂಜಿನಲ್ಲಿ ಮುಳುಗಿತ್ತು. ಗುಡ್ಡದ ನೆತ್ತಿಗಳು ಮಾತ್ರ ನಡುಗಡ್ಡೆಗಳಂತೆ ತೇಲುತ್ತಿದ್ದವು. ಅವಳು ಒಂದು ಬಂಡೆಯ ಮೇಲೆ ಕೂತಳು. ಮಂಜು ಮೆಲ್ಲನೆ ಹರಿಯುತ್ತ, ಒಂದು ಕಡೆ ತೆಳುವಾಗಿ, ಅಲ್ಲಿಂದ ಒಂದು ಅಂಗೈಯಷ್ಟು ಕಡಲು ಹೊಳೆಯಿತು.

ಆಗಲೇ ಹಿಂದೆ ಮಾತು ಕೇಳಿಸಿತು. ತಿರುಗಿ ನೋಡಿದರೆ ಟೆಂಪೋದ ಪಕ್ಕ ನಾಲ್ಕೈದು ಜನ ಸಾಲಾಗಿ ನಿಂತಿದ್ದರು. ಕೈಚೀಲ ಹಿಡಿದ ಗಂಡಸು, ಇಸ್ತ್ರಿ ಮಾಡಿದ ಚೂಡಿದಾರದ ಕಾಲೇಜು ಹುಡುಗಿ, ಸೊಪ್ಪಿನ ಹೊರೆಯ ಹೆಂಗಸರಿಬ್ಬರು. ಎಲ್ಲರಿಗಿಂತ ಮುಂದೆ ಒಂದು ಕೋಲೂರಿಕೊಂಡು, ಎಡಗಣ್ಣಿಗೆ ಸೆರಗು ಒತ್ತಿಕೊಂಡಿದ್ದ ಮುದುಕಿ. ತಿಮ್ಮ ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ದಿಕ್ಕುಗಾಣದೆ ನಿಂತಿದ್ದ.

"ಎಷ್ಟೊತ್ತಿಗೆ ಬಿಡ್ತೆ ತಮ್ಮ?" ಎಂದಳು ಮುದುಕಿ.

ತಿಮ್ಮ ಬ್ರಶ್ಶು ತೆಗೆದ. "ಎಂತ ಬಿಡೂದು ಅಮ್ಮ?"

"ಟೆಂಪೋ. ಭಟ್ಕಳಕ್ಕೆ. ಬೋರ್ಡಲ್ಲಿ ಬರದದೆ ಅಂತ ಹುಡ್ಗಿ ಹೇಳ್ತು."

ಗಾಜಿನ ಮೇಲಿನ ಬೋರ್ಡು ತೆಗೆಯುವುದನ್ನು ತಿಮ್ಮ ಮರೆತಿದ್ದ. ಮಜರೆಗೆ ಇದುವರೆಗೆ ಯಾವ ಬಸ್ಸೂ ಬಂದಿರಲಿಲ್ಲ. ನಿನ್ನೆ ಸಂಜೆ ಬಂದ ಗಾಡಿ ಬೆಳಿಗ್ಗೆ ಹೊರಡುವುದು ಸಹಜ ಎಂದು ಒಂಬತ್ತು ಮನೆಯಲ್ಲೂ ತೀರ್ಮಾನವಾಗಿತ್ತು.

"ಇದು ಸರ್ವೀಸಲ್ಲ, ಅಮ್ಮ. ಪರ್ಮಿಟ್ಟು ಮುಗಿದದೆ. ನಾವಿಬ್ರು ತಿರುಗೂಕೆ ಅಂತ ಬಂದದ್ದು. ಸಮುದ್ರ ನೋಡೂಕೆ."

ಕೈಚೀಲದ ಗಂಡಸು, ಶುಕ್ರ ಅವನ ಹೆಸರು, ಸಮುದ್ರದ ಕಡೆಗೊಮ್ಮೆ ತಿಮ್ಮನ ಕಡೆಗೊಮ್ಮೆ ನೋಡಿದ. "ಅದು ನಿಮ್ಮೂರಲ್ಲೇ ಅದೆಯಲ್ರಾ!" ಎಂದ. ಹಂಗಿಸಿದ್ದಲ್ಲ. ನಿಜವಾಗಿ ತಿಳಿಯದೆ ಕೇಳಿದ್ದ. "ಆತು, ಆತು, ನಾವು ನಡಕಂಡೇ ಹೋಗ್ತೇವೆ," ಎಂದು ಅವರು ತಿರುಗಿ ಹೊರಟರು.

ಬಂಗಾರಿ ಬಂಡೆಯಿಂದ ಎದ್ದು ಬಂದಿದ್ದಳು. ಮುದುಕಿ ಕೋಲನ್ನು ಮುಂದಿಟ್ಟು, ಅದು ನೆಲ ಮುಟ್ಟಿತೆಂದು ಖಾತ್ರಿಯಾದಮೇಲೆ ಕಾಲು ಇಡುತ್ತಿದ್ದಳು.

"ಅಮ್ಮ, ನೀವೆಲ್ಲಿಗೆ ಈ ಕಣ್ಣಿಟ್ಕಂಡು?"

"ಕಣ್ಣು ತೋರ್ಸೂಕೇ ಮಗಾ. ಭಟ್ಕಳದಲ್ಲಿ ಇವತ್ತು ಕ್ಯಾಂಪಂತೆ. ಹೊನ್ನಮ್ಮ ಅಂತ ಹೆಸರು ಬರೆಸಿ ಇಟ್ಟದೆ. ನಾಲ್ಕೈದು ಮೈಲಿ ಇಳ್ದ್ರೆ ಬಸ್ಸು."

ತಿಮ್ಮ ನೆಲ ನೋಡುತ್ತಿದ್ದ. ಬಂಗಾರಿಗೆ ಅವನ ಬಲಗೈ ಕಂಡಿತು. ಹೆಬ್ಬೆರಳು ಮತ್ತು ತೋರುಬೆರಳು ಗಾಳಿಯಲ್ಲೇ ಕೀಲಿಕೈ ತಿರುಗಿಸುತ್ತಿದ್ದವು, ಅವನಿಗೇ ಗೊತ್ತಿಲ್ಲದ ಹಾಗೆ. ಅವನು ಬಾಯಿಬಿಟ್ಟು ಕೇಳುವವನಲ್ಲ. ಹೆಂಡತಿಗೆ ಮಾತು ಕೊಟ್ಟು ಕರೆತಂದವನು.

"ಹೋಯ್," ಎಂದಳು ಅವಳು. "ಇವರನ್ನ ಬಿಟ್ಕಂಡು ಬನ್ನಿ."

"ಮತ್ತೆ ನೀನು? ಬಾ ಹಂಗಾರೆ."

"ನಾ ಇಲ್ಲೇ ಇರ್ತೆ."

"ಒಬ್ಳೇ?"

"ಹೌದು, ಒಬ್ಳೇ. ಚಾಪೆ ಇಳಿಸಿ ಕೊಡಿ. ಗ್ಯಾಸು, ಅಕ್ಕಿ, ಒಂದು ಕೊಡ. ಸಾಕು."

ತಿಮ್ಮ ಅವಳ ಮುಖವನ್ನು ನೋಡಿದ. ಸಿಟ್ಟು ಇದೆಯೋ ಎಂದು ಹುಡುಕಿದ. ಇರಲಿಲ್ಲ. ಹಿಗ್ಗು ಮುಚ್ಚಿಡಲು ಮುಖ ಗಂಟಿಕ್ಕಿಕೊಂಡು ಸಾಮಾನು ಇಳಿಸಿದ. ಹೊನ್ನಮ್ಮನನ್ನು ಮಂಚದ ಮೇಲೆ ಕೂರಿಸಿದರು, ಸೊಪ್ಪಿನ ಹೊರೆ ಕಾಲ ಬಳಿ ಹೋಯಿತು, ಹುಡುಗಿ ಪರದೆ ಸರಿಸಿ ಕಿಟಕಿಯ ಪಕ್ಕ ನಿಂತಳು. ಟೆಂಪೋ ಹುಲ್ಲು ಸೀಳಿಕೊಂಡು ಇಳಿಯಿತು. ಮೂರು ತಿರುವಿನಲ್ಲೂ ಅದರ ಹಾರ್ನು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ಗುಡ್ಡದ ಮೇಲೆ ಬಂಗಾರಿ ಒಬ್ಬಳೇ ಉಳಿದಳು.

ಮೊದಲು ಸ್ವಲ್ಪ ಹೆದರಿಕೆಯಾಯಿತು. ಕೈಗೆ ಕೆಲಸ ಹುಡುಕಿದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಆಮೇಲೆ ನೆಲ್ಲಿ ಮರದ ಕೆಳಗೆ ಚಾಪೆ ಹಾಸಿ ಕೂತಳು. ಮಂಜು ಪೂರ್ತಿ ಹರಿದು ಕಡಲು ಎದ್ದು ನಿಂತಿತು. ಅದರ ಮೇಲೆ ಮೋಡದ ನೆರಳೊಂದು ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಿತ್ತು. ಭಟ್ಕಳ ದಾಟಿತು, ಮುರ್ಡೇಶ್ವರ ದಾಟಿತು, ಹೊನ್ನಾವರದ ಕಡೆಗೆ ಹೋಯಿತು. ಕುಮಟೆಗೆ ಮುಟ್ಟುವವರೆಗೂ ನೋಡುತ್ತೇನೆ ಎಂದುಕೊಂಡವಳು ಎಲ್ಲಿ ನಿದ್ದೆ ಹೋದಳೋ. ಕಣ್ಣು ಬಿಟ್ಟಾಗ ಮುಖದ ಮೇಲೆ ಎಲೆಗಳ ಸಣ್ಣ ಸಣ್ಣ ನೆರಳು ಆಡುತ್ತಿತ್ತು. ಮಜರೆಯ ದನಗಳು ಸುತ್ತ ಮೇಯುತ್ತಿದ್ದವು. ಒಂದು ಕಂದು ಹಸು ಅವಳನ್ನು ಮೂಸಿ ನೋಡಿ, ಇದ್ದರೆ ಇರಲಿ ಎಂಬಂತೆ ಹೋಯಿತು. ಬಂಗಾರಿ ಎದ್ದು ಒರತೆಯ ತಣ್ಣೀರಲ್ಲಿ ಕಾಲು ಇಳಿಬಿಟ್ಟಳು. ಹಸಿವಾದಾಗ ಉಂಡಳು, ಅದೂ ನಿಧಾನಕ್ಕೆ, ಹೊತ್ತು ಎಷ್ಟಾಯಿತೆಂದು ನೋಡದೆ. ಅವಳಿಗೆ ತಾಯಿಯ ನೆನಪಾಯಿತು. ಚಿಕ್ಕವಳಿದ್ದಾಗ ಜ್ವರ ಬಂದು ಶಾಲೆಗೆ ಹೋಗದೆ ಉಳಿದ ಒಂದು ದಿನದ ನೆನಪಾಯಿತು. ಯಾವುದೂ ನೋಯಿಸಲಿಲ್ಲ. ಬಂದು, ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು, ಎದ್ದು ಹೋದವು.

ನಾಲ್ಕು ಗಂಟೆಗೆ ಹಾರ್ನು ಮತ್ತೆ ಕೇಳಿಸಿತು. ಹೋದವರೆಲ್ಲ ವಾಪಸು ಬಂದಿದ್ದರು, ಜೊತೆಗೆ ಎರಡು ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ಒಂದು ಪ್ಲಾಸ್ಟಿಕ್ ಕುರ್ಚಿ. ತಿಮ್ಮನ ಹುಬ್ಬಿನವರೆಗೆ ಕೆಂಪು ಧೂಳು. ಹಲ್ಲು ಮಾತ್ರ ಬೆಳ್ಳಗೆ.

"ಅಮ್ಮಂಗೆ ಪೊರೆಯಂತೆ. ಮುಂದಿನ ಗುರುವಾರ ಆಪರೇಶನ್ ಹೇಳಿದ್ರು. ನಾನೇ ಬಂದು ಕರ್ಕಂಡು ಹೋಗ್ತೆ ಅಂದೆ," ಎಂದು ಒಂದೇ ಉಸಿರಿಗೆ ಹೇಳಿ, ತಡೆದು, ಅಳುಕುತ್ತ ಕೇಳಿದ, "ಬೇಜಾರಾಯ್ತಾ ನಿಂಗೆ?"

"ಇಲ್ಲ."

"ಎಂತ ಮಾಡ್ದೆ ದಿನ ಇಡೀ?"

ಬಂಗಾರಿ ಯೋಚಿಸಿದಳು. ಹೇಳಲು ತುಂಬ ಇತ್ತು, ಆದರೆ ಒಂದೂ ಕೆಲಸದ ಹೆಸರಿನದಲ್ಲ. "ಎಂತದೂ ಮಾಡ್ಲಿಲ್ಲ," ಎಂದು ನಕ್ಕಳು. "ನಾಳೆ ಯಾರಾರು ಹೋಗುವವರು ಇದ್ರಾ?"

ಇದ್ದರು. ಮೂರನೆಯ ದಿನವೂ ಟೆಂಪೋ ಇಳಿಯಿತು, ಹತ್ತಿತು. ಬಂಗಾರಿ ಅಂದು ಬೇಣದ ಆಚೆ ತುದಿಯವರೆಗೆ ನಡೆದು ಬಂದಳು. ಹೊನ್ನಮ್ಮ ಮಜ್ಜಿಗೆ ಕೊಟ್ಟು ಕಳಿಸಿದ್ದಳು. ಸಂಜೆ ಮಜರೆಯ ಅಂಗಳದಲ್ಲಿ ಎಲ್ಲರ ಜೊತೆ ಕೂತು ಸುಟ್ಟ ಗೆಣಸು ತಿಂದರು. ಶುಕ್ರ ಮತ್ತೊಮ್ಮೆ ಕೇಳಿದ, "ನಿಜವಾಗ್ಲೂ ಸಮುದ್ರ ನೋಡೂಕೇ ಬಂದದ್ದಾ ಅಕ್ಕ?" ಅವಳು ಹೌದೆಂದಾಗ ಅವನು ಕತ್ತು ತಿರುಗಿಸಿ, ದಿನವೂ ಬೆನ್ನು ಹಾಕಿ ನಡೆದ ಆ ನೀಲಿಯನ್ನು ಸ್ವಲ್ಪ ಹೊತ್ತು ನೋಡಿದ.

ನಾಲ್ಕನೆಯ ದಿನ ಭಾನುವಾರ. ಕೆಳಗೆ ಹೋಗುವವರು ಯಾರೂ ಇರಲಿಲ್ಲ. ಮರುದಿನ ಬೆಳಿಗ್ಗೆ ತಾವೇ ಹೊರಡುವುದಿತ್ತು. ತಿಮ್ಮ ಟೆಂಪೋದ ಗಾಜು ಒರೆಸಿದ, ಚಕ್ರಗಳಿಗೆ ಒದ್ದು ನೋಡಿದ, ಬಾನೆಟ್ಟು ತೆರೆದು ಮುಚ್ಚಿದ. ಆಮೇಲೆ ಮಾಡಲು ಏನೂ ಉಳಿಯದೆ ನೆಲ್ಲಿ ಮರದ ಹತ್ತಿರ ಬಂದು ನಿಂತ.

"ಕೂತ್ಕಳಿ," ಎಂದಳು ಬಂಗಾರಿ.

ಕೂತ. ಕಾಲು ಮಡಿಚಿದ, ಬಿಡಿಸಿದ. "ಕೂತು ಎಂತ ಮಾಡೂದು?"

"ಆ ಮೋಡದ ನೆರಳು ಹೋಗ್ತದಲ್ಲ, ಕಡಲ ಮೇಲೆ, ಅದನ್ನ ನೋಡಿ."

"ಎಲ್ಲಿಗೆ ಹೋಗ್ತದೆ ಅದು?"

"ಕುಮಟೆ ಬದಿಗೆ."

"ಧಾರೇಶ್ವರ ದಾಟೂಕೆ ಎಷ್ಟು ಹೊತ್ತಾಗಬಹುದು?" ಎಂದು ಕಣ್ಣು ಕಿರಿದು ಮಾಡಿ ಲೆಕ್ಕ ಹಾಕತೊಡಗಿದ. ಹೊನ್ನಾವರದ ನೇರಕ್ಕೆ ಬರುವಷ್ಟರಲ್ಲಿ ಅವನ ತಲೆ ವಾಲಿತು. ಮೆಲ್ಲನೆ ಚಾಪೆಯ ಮೇಲೆ ಉರುಳಿ, ಬಾಯಿ ಅರೆ ತೆರೆದು, ಹದಿನೈದು ವರ್ಷದ ನಿದ್ದೆಯನ್ನೆಲ್ಲ ಒಟ್ಟಿಗೇ ಮಾಡುವವನಂತೆ ಗೊರಕೆ ಹೊಡೆಯತೊಡಗಿದ.

ಬಂಗಾರಿ ಅವನ ಕಾಲ ಮೇಲೆ ಕಂಬಳಿ ಎಳೆದಳು. ಬಿಸಿಲು ಇಳಿಯುತ್ತಿತ್ತು. ದನಗಳು ಮನೆಯ ಕಡೆ ತಿರುಗಿದ್ದವು. ಆ ಕಂದು ಹಸು ದಾರಿ ಬಿಟ್ಟು ಬಂದು, ತಿಮ್ಮನ ತಲೆಯ ಹತ್ತಿರ ಮೂತಿ ಇಟ್ಟು ಉಸಿರು ಬಿಟ್ಟಿತು. ಬಂಗಾರಿ ಶಬ್ದ ಮಾಡದೆ ಕೈಯನ್ನಷ್ಟೇ ಎತ್ತಿ ಬೀಸಿದಳು. ಹಸು ಅವಳನ್ನು ನೋಡಿತು, ಎರಡು ಹೆಜ್ಜೆ ಹಿಂದೆ ಸರಿದು, ಅಲ್ಲೇ ಹುಲ್ಲಿಗೆ ಬಾಯಿ ಹಾಕಿತು.